ಮನೆಪಾಠ ಯಾರ ಕಾಯಕ?

‘ಮನೆಗೆಲಸ’ ಎಂಬ ಮಾತಿಗೆ ನಮ್ಮ ಹಿರಿಯರ ಬಾಯಲ್ಲಿ ಒಂದೇ ಅರ್ಥವಿತ್ತು. ಕಸ ಹೊಡೆಯುವುದು, ನೀರು ತುಂಬುವುದು, ದನಕ್ಕೆ ಕಣಿಕೆ ಹಾಕುವುದು, ರೊಟ್ಟಿ ಬಡಿಯುವುದು. ಶಾಲೆಯಿಂದ ಮನೆಗೆ ಬರುವ ಬರವಣಿಗೆಗೆ ಆ ಹೆಸರು ಅಂಟಿಕೊಂಡದ್ದು ಈಚೆಗೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಮಕ್ಕಳು ಮರಾಠಿಯ ‘ಗೃಹಪಾಠ’ವನ್ನೇ ಕನ್ನಡದ ನಡುವೆ ಇಟ್ಟುಕೊಂಡು ಮಾತನಾಡುತ್ತಾರೆ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅದು ‘ಹೋಮ್‌ವರ್ಕ್’. ಹೆಸರು ಯಾವುದೇ ಇರಲಿ, ಒಂದು ಅದಲುಬದಲು ನಡೆದುಹೋಗಿದೆ. ಮೊದಲಿನ ಮನೆಗೆಲಸದಲ್ಲಿ ಮಗು ಮನೆಗೆ ನೆರವಾಗುತ್ತಿತ್ತು. ಈಗಿನದರಲ್ಲಿ ಇಡೀ ಮನೆ ಮಗುವಿಗೆ ನೆರವಾಗಲು ಸೊಂಟ ಕಟ್ಟಿ ನಿಂತಿದೆ. ಸಂಜೆ ಏಳಕ್ಕೆ ಯಾವುದೇ ಓಣಿಯಲ್ಲಿ ಹಾದುಹೋದರೂ ತಾಯಿಯ ಏರಿದ ದನಿ, ಮಗುವಿನ ಬಿಕ್ಕು, ಇವೆರಡರ ನಡುವೆ ಒಂದು ಮಗ್ಗಿ ಕೇಳಿಸುತ್ತದೆ.

ಇದನ್ನು ಶಿಕ್ಷಣಶಾಸ್ತ್ರದ ಪ್ರಶ್ನೆಯೆಂದು ತಜ್ಞರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುತ್ತೇವೆ. ನನಗೆ ಇದು ಮೊದಲು ನೀತಿಯ ಪ್ರಶ್ನೆಯಾಗಿ ಕಾಣುತ್ತದೆ. ಮಗುವಿನ ಒಳಿತಿನ ಹೆಸರಿನಲ್ಲಿ ಅದರ ಸಂಜೆಯನ್ನು ಎಷ್ಟರಮಟ್ಟಿಗೆ ಕಸಿದುಕೊಳ್ಳುವ ಅಧಿಕಾರ ನಮಗಿದೆ? ಮಗು ಮಾಡಲಾರದ ಕೆಲಸವನ್ನು ನಾವೇ ಮಾಡಿ ಮಗುವಿನ ಹೆಸರಿನಲ್ಲಿ ಒಪ್ಪಿಸಿದರೆ ಅದನ್ನು ಏನೆಂದು ಕರೆಯಬೇಕು?

ಮೊದಲು ಹೊತ್ತಿನ ಲೆಕ್ಕ ನೋಡೋಣ. ಸೊಲ್ಲಾಪುರ ಗಿರಣಿಯ ಊರು. ಭೋಂಗಾದ ಸದ್ದಿಗೆ ಏಳುತ್ತಿದ್ದ, ಪಾಳಿಯ ಲೆಕ್ಕದಲ್ಲಿ ಬದುಕುತ್ತಿದ್ದ ಮನೆತನಗಳು ನಮ್ಮಲ್ಲಿ ಇನ್ನೂ ಇವೆ. ದುಡಿಮೆಯ ಹೊತ್ತಿಗೆ ಒಂದು ಮಿತಿ ಇರಬೇಕೆಂಬುದು ಈ ಊರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯು ವಯಸ್ಕ ಕಾರ್ಮಿಕನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಸೇರಿಸಕೂಡದೆಂದಿತು. ಹದಿನಾಲ್ಕು ತುಂಬಿ ಹದಿನೈದು ತುಂಬದವರಿಗೆ ದಿನಕ್ಕೆ ನಾಲ್ಕೂವರೆ ಗಂಟೆ ದಾಟಕೂಡದೆಂದಿತು. ಇತ್ತ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ತೆರೆದು ನೋಡಿದರೆ, ಒಂದರಿಂದ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಯ ಬೋಧನೆ ಎಂದಿದೆ. ಭಾಗಿಸಿದರೆ ದಿನಕ್ಕೆ ನಾಲ್ಕು ಗಂಟೆ. ಒಂದು ಕಾಯ್ದೆ ಕೈಗೆಲಸದ್ದು, ಇನ್ನೊಂದು ಓದಿನದು; ಎರಡರ ನಡುವೆ ಆರು ದಶಕಗಳ ಅಂತರ. ಆದರೂ ಎಳೆಯ ಜೀವದ ತಾಳಿಕೆಯನ್ನು ಎರಡೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಅಳೆದಿವೆ. ಇನ್ನು ನಮ್ಮ ಮನೆಗಳ ಮೂರನೆಯ ಇಯತ್ತೆಯ ಮಗುವಿನ ದಿನವನ್ನು ಕೂಡಿಸಿರಿ: ಬೆಳಗಿನಿಂದ ಆರು ಗಂಟೆ ಶಾಲೆ, ಸಂಜೆ ಒಂದೂವರೆ ಗಂಟೆ ಟ್ಯೂಶನ್, ರಾತ್ರಿ ಊಟದ ಹಿಂದೆಮುಂದೆ ಎರಡು ಗಂಟೆ ಬರವಣಿಗೆ. ಗಿರಣಿಯಲ್ಲಿ ಅಜ್ಜನಿಗಿದ್ದ ಮಿತಿಯನ್ನು ಮೊಮ್ಮಗ ಎಂಟನೆಯ ವಯಸ್ಸಿಗೇ ದಾಟಿರುತ್ತಾನೆ. ಅಜ್ಜನಿಗಾದರೂ ಹೊರೆ ಹೆಚ್ಚಾದರೆ ಸಂಪು ಹೂಡುವ ದಾರಿಯಿತ್ತು.

ಸರಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ ತಮ್ಮ ಚೊಚ್ಚಲ ಭಾಷಣಕ್ಕೆ ಆರಿಸಿಕೊಂಡದ್ದು ಮಕ್ಕಳ ಪಾಟಿಚೀಲದ ಭಾರವನ್ನು. ಮುಂದೆ 1992ರಲ್ಲಿ ವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಗಿ, ಮರುವರ್ಷ ‘ಹೊರೆಯಿಲ್ಲದ ಕಲಿಕೆ’ ಎಂಬರ್ಥದ ಹೆಸರಿನ ವರದಿಯನ್ನು ಕೊಟ್ಟಿತು. ಚೀಲದ ಭಾರಕ್ಕಿಂತ ದೊಡ್ಡದು ಅರ್ಥವಾಗದಿರುವುದರ ಭಾರ ಎಂಬುದು ಆ ವರದಿಯ ಮುಖ್ಯ ಕಾಣ್ಕೆ. ಚೀಲವನ್ನು ತೂಗಬಹುದು, ಅರ್ಥವಾಗದ ಪಾಠವನ್ನು ತೂಗುವ ತಕ್ಕಡಿ ಯಾವ ಇಲಾಖೆಯಲ್ಲೂ ಇಲ್ಲ. ಆಮೇಲೆ ಬಂದ ಆದೇಶಗಳೆಲ್ಲ ತೂಗಬಹುದಾದದ್ದನ್ನೇ ತೂಗಿದವು. 2018ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಒಂದು ಮತ್ತು ಎರಡನೆಯ ತರಗತಿಗೆ ಮನೆಪಾಠ ಬೇಡವೆಂದಿತು. 2020ರ ಶಾಲಾಚೀಲ ನೀತಿಯು ಅದನ್ನೇ ಹೇಳಿ, ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಎರಡು ಗಂಟೆ ಸಾಕೆಂದಿತು. ಗಮನಿಸಬೇಕು, ದಿನಕ್ಕಲ್ಲ, ವಾರಕ್ಕೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತು ನಿಮಿಷ. ಈ ಮಾತನ್ನು ನಮ್ಮ ಓಣಿಯ ತಾಯಂದಿರಿಗೆ ಹೇಳಿದರೆ ನಗುತ್ತಾರೆ.

ನಗುವಿನ ಹಿಂದೆ ಏನಿದೆ ಎಂಬುದು ಮುಖ್ಯ. ಮನೆಪಾಠ ಹೇರುವವರು ಗುರುಗಳೆಂದೇ ನಾವು ದೂರುತ್ತೇವೆ. ಆದರೆ ಅಕ್ಕೋರನ್ನು ಕೇಳಿದರೆ ಬೇರೆ ಕಥೆ ಹೊರಬರುತ್ತದೆ. ಪಟ್ಟಿಯ ತುಂಬ ಬರೆಸದಿದ್ದರೆ ಪಾಲಕರೇ ಬಂದು “ಏನೂ ಕಲಿಸೋದೇ ಇಲ್ಲೇನ್ರಿ?” ಎಂದು ಕೇಳುತ್ತಾರೆ. ತಿಳಿವಳಿಕೆ ಕಣ್ಣಿಗೆ ಕಾಣುವುದಿಲ್ಲ. ತುಂಬಿದ ಪಟ್ಟಿ ಕಾಣುತ್ತದೆ. ಶುಲ್ಕ ತೆತ್ತವರು ತೆತ್ತದ್ದಕ್ಕೆ ರುಜುವಾತು ಕೇಳುತ್ತಾರೆ, ಶಾಲೆ ರುಜುವಾತನ್ನು ಮನೆಗೇ ಕಳುಹಿಸುತ್ತದೆ. ಅಲ್ಲಿ ಮಗು ಕೇವಲ ಸಾಕ್ಷಿ. ಹೀಗೆ ಶಾಲೆ ಮನೆಯನ್ನೂ ಮನೆ ಶಾಲೆಯನ್ನೂ ಮೆಚ್ಚಿಸುವ ಈ ವಹಿವಾಟಿನಲ್ಲಿ ಪಾಲಕರು ಬರಿ ಸಂತ್ರಸ್ತರಲ್ಲ.

ಇನ್ನು ಬರೆದುಕೊಡುವ ವಿಚಾರ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಮಗುವಿನ ಡೊಂಕು ಅಕ್ಷರವನ್ನು ಅನುಕರಿಸಿ ಬರೆಯುವ ತಾಯಂದಿರನ್ನು ನಾನು ಕಂಡಿದ್ದೇನೆ. ಥರ್ಮೋಕೋಲಿನ ಕೋಟೆಯನ್ನು ಅಂಗಡಿಯಿಂದ ತಂದು ಮಗನ ಹೆಸರಿನ ಚೀಟಿ ಅಂಟಿಸುವ ತಂದೆಯರು ಎಲ್ಲ ಊರಿನಲ್ಲೂ ಇದ್ದಾರೆ. ಅದನ್ನು ಕರುಣೆಯಿಂದ ಮಾಡುತ್ತಾರೆ, ಸಂದೇಹವಿಲ್ಲ. ರಾತ್ರಿ ಹತ್ತಾಗಿದೆ, ಮಗುವಿನ ಕಣ್ಣು ಕೂರುತ್ತಿದೆ, ನಾಳೆ ತರಗತಿಯಲ್ಲಿ ನಿಲ್ಲಿಸುತ್ತಾರೆಂಬ ಭಯ. ಆ ಗಳಿಗೆಯಲ್ಲಿ ಬರೆದುಕೊಟ್ಟ ತಾಯಿಯನ್ನು ಸುಳ್ಳುಗಾತಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೂ ಮಗು ಅಲ್ಲೇ ಕುಳಿತು ನೋಡುತ್ತಿದೆ. ಪಟ್ಟಿ ತುಂಬಿರುವುದು ಮುಖ್ಯ, ಯಾರು ತುಂಬಿದರು ಎಂಬುದು ಮುಖ್ಯವಲ್ಲ. ಭಯವಿದ್ದಾಗ ಸುಳ್ಳು ಸಲ್ಲುತ್ತದೆ. ದೊಡ್ಡವರೂ ಇನ್ನೊಬ್ಬ ದೊಡ್ಡವರಿಗೆ ಹೆದರಿ ಹೀಗೆ ಮಾಡುತ್ತಾರೆ. ಆ ರಾತ್ರಿಯ ಪಾಠ ಮಗುವಿಗೆ ತಪ್ಪದೆ ಅರ್ಥವಾಗುತ್ತದೆ.

ನಾವು ಸೊನ್ನಲಿಗೆಯ ಸಿದ್ಧರಾಮನ ಊರಿನವರು. ಕೆರೆ ಕಟ್ಟುವುದನ್ನೇ ಸಾಧನೆಯಾಗಿಸಿಕೊಂಡ ಆ ಶರಣನ ನೀರಿನ ದಂಡೆಯ ಮೇಲೆ ಇಂದಿಗೂ ನಮ್ಮ ಮಕ್ಕಳು ಆಡುತ್ತಾರೆ, ಅಂದರೆ ಬಿಡುವು ಸಿಕ್ಕಿದರೆ. ಶರಣರ ಕಾಯಕ ತತ್ವದಲ್ಲಿ ಎರಡು ನಿಬಂಧನೆಗಳಿವೆ. ಒಂದು, ಕಾಯಕ ತನ್ನದೇ ಆಗಿರಬೇಕು. ಇನ್ನೊಬ್ಬರ ಬೆವರನ್ನು ತನ್ನದೆಂದು ಒಪ್ಪಿಸಲಾಗದು. ಇನ್ನೊಂದು, ಅದು ಅಗತ್ಯವನ್ನು ಮೀರಬಾರದು. ಎರಡನೆಯದನ್ನು ಎತ್ತಿ ಹಿಡಿದವಳು ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳುಹಿಸಿದಳು. ಬಡವಿ ಆಡಿದ ಮಾತು ಅದು ಎಂಬುದನ್ನು ಮರೆಯಬಾರದು. ಮಕ್ಕಳ ಓದಿನಲ್ಲಿ ಮಾತ್ರ ಈ ಎರಡೂ ನಿಬಂಧನೆಗಳನ್ನು ನಾವು ಸಡಿಲಿಸಿದ್ದೇವೆ. ಐದನೆಯ ಇಯತ್ತೆಯಲ್ಲಿ ಏಳನೆಯದರ ಗಣಿತ ಮುಗಿದಿರಲಿ, ಸ್ಪರ್ಧಾ ಪರೀಕ್ಷೆ ಒಂದಕ್ಕೆ ಎರಡಾಗಲಿ ಎಂಬ ಆಸೆಗೆ ‘ಭವಿಷ್ಯ’ ಎಂಬ ಹೆಸರು ಕೊಟ್ಟಿದ್ದೇವೆ.

ಭವಿಷ್ಯದ ವಾದವನ್ನು ಹಗುರವಾಗಿ ತಳ್ಳಿಹಾಕಲೂ ಆಗದು. ಯಂತ್ರಮಗ್ಗದ ಮುಂದೆ ಹನ್ನೆರಡು ತಾಸು ನಿಲ್ಲುವವನಿಗೆ, ದಿನವೆಲ್ಲ ಕುಳಿತು ಬೀಡಿ ಕಟ್ಟುವವಳಿಗೆ, ಮಳೆ ಹೋದ ವರ್ಷ ಜತ್ತದಿಂದ ಕಬ್ಬು ಕಡಿಯಲು ಹೊರಡುವ ಜೋಡಿಗೆ “ಮಕ್ಕಳ ಬಾಲ್ಯವನ್ನು ಕಸಿಯಬೇಡಿ” ಎಂದು ಉಪದೇಶಿಸುವುದು ಸುಲಭ. ಅವರಿಗೆ ಶಾಲೆ ಏಣಿ. ಬೇರೆ ಏಣಿಯನ್ನು ಯಾರೂ ತಂದು ನಿಲ್ಲಿಸಿಲ್ಲ. ತಾವು ಕಂಡ ಕಷ್ಟ ಮಕ್ಕಳಿಗೆ ಬೇಡವೆಂಬ ಅವರ ಒತ್ತಾಯದಲ್ಲಿ ಪ್ರತಿಷ್ಠೆಗಿಂತ ಭಯ ದೊಡ್ಡದು. ಎರಡು ಬಗೆಯ ಒತ್ತಡವನ್ನು ನಾವು ಬೇರ್ಪಡಿಸಿ ನೋಡಬೇಕು: ಬಿದ್ದುಹೋಗಬಾರದೆಂಬ ಒತ್ತಡ ಒಂದು, ನೆರೆಮನೆಯವರಿಗಿಂತ ಮೇಲೇರಬೇಕೆಂಬುದು ಇನ್ನೊಂದು. ಮೊದಲನೆಯದು ಕನಿಕರಕ್ಕೂ ನೆರವಿಗೂ ಅರ್ಹ. ಎರಡನೆಯದಕ್ಕೆ ಲಕ್ಕಮ್ಮನ ಉತ್ತರವೇ ಸಾಕು. ಆದರೆ ಮೊದಲನೆಯದರಲ್ಲೂ ಒಂದು ಎಚ್ಚರ ಬೇಕು. ನಾಳೆಗಾಗಿ ಇಂದು ಎಂಬ ಸಾಲ ತೀರುವುದೇ ಇಲ್ಲ. ಪ್ರಾಥಮಿಕವು ಮಾಧ್ಯಮಿಕಕ್ಕಾಗಿ, ಅದು ಹತ್ತನೆಯದಕ್ಕಾಗಿ, ಅದು ನೌಕರಿಗಾಗಿ, ನೌಕರಿ ಮತ್ತೆ ಮಕ್ಕಳಿಗಾಗಿ. ಎಂಟು ವರ್ಷದ ಜೀವ ಮುಂದೊಂದು ದಿನ ಮನುಷ್ಯನಾಗಲು ಕಾದು ಕುಳಿತ ಕಚ್ಚಾ ವಸ್ತುವಲ್ಲ. ಅದು ಈಗಾಗಲೇ ಮನುಷ್ಯ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಪ್ರಶ್ನೆಯಲ್ಲಿ ಇನ್ನೊಂದು ಮುಳ್ಳಿದೆ. ನನ್ನನ್ನು ಹೆಚ್ಚು ಕಾಡುವುದು ಅದೇ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. ಕನ್ನಡ ಶಾಲೆಯ ಮಗು ಪ್ರಾಥಮಿಕ ಮುಗಿಸುವಷ್ಟರಲ್ಲಿ ಕನ್ನಡ, ದೇವನಾಗರಿ, ರೋಮನ್ ಎಂದು ಮೂರು ಲಿಪಿಗಳನ್ನು ತಿದ್ದಬೇಕು. ಇದನ್ನು ನಾನು ಹೊರೆ ಎನ್ನುವುದಿಲ್ಲ. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ಎಂದು ಬೆಳೆದವರು ನಾವು. ಮಕ್ಕಳು ನುಡಿಗಳನ್ನು ನೀರು ಕುಡಿದಂತೆ ಕಲಿಯುತ್ತಾರೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಮುಳ್ಳು ಇರುವುದು ಬೇರೆ ಕಡೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಮನೆಯಲ್ಲಿ ಸಂಜೆಯ ಪಾಠಕ್ಕೆ ಕುಳಿತಾಗ ಯಾರು ತಿಳಿದವರು, ಯಾರು ತಿಳಿಯದವರು ಎಂಬುದು ನಿರ್ಧಾರವಾಗಿಬಿಡುತ್ತದೆ. ಅಜ್ಜಿ ತಿಳಿಯದವಳು. ತಾಯಿ ಅರೆ ತಿಳಿದವಳು. ಟ್ಯೂಶನ್ನಿನ ಹುಡುಗಿ ತಿಳಿದವಳು. ಪಾವಕಿ, ನಿಮಕಿ, ಪಾವುಣಕಿಗಳ ಮಗ್ಗಿಯನ್ನು ಉಸಿರುಗಟ್ಟದೆ ಹೇಳಬಲ್ಲ ಅಜ್ಜ ಭಿನ್ನರಾಶಿಯ ಪಾಠ ನಡೆಯುವಾಗ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾನೆ, ಏಕೆಂದರೆ ಪಟ್ಟಿಯಲ್ಲಿ ಅದಕ್ಕೆ ‘ಫ್ರ್ಯಾಕ್ಷನ್’ ಎಂದಿದೆ. ಇಪ್ಪತ್ತೈದಕ್ಕೆ ಒಂದು ಕಟ್ಟು, ಸಾವಿರಕ್ಕೆ ನಲವತ್ತು ಎಂದು ಬಾಯಲ್ಲೇ ಲೆಕ್ಕ ಮಾಡುವ ಬೀಡಿಯ ತಾಯಿ “ನನಗೆ ಗಣಿತ ಬರೂದಿಲ್ಲಪ್ಪಾ” ಎನ್ನುತ್ತಾಳೆ. ಕಾಲ ಕಳೆದಂತೆ ಮಗುವೂ ಅದನ್ನು ನಂಬುತ್ತದೆ. ಒಡಪು ಹೇಳುತ್ತಿದ್ದ ಅಜ್ಜಿಗೆ “ಈಗ ಬ್ಯಾಡ, ಅವನದು ಬರೆಯೂದದ” ಎಂದು ಮನೆಯವರೇ ಹೇಳುತ್ತಾರೆ. ಕನ್ನಡ ಮನೆಯಿಂದ ಹೊರಬೀಳಲು ಸರಕಾರದ ಆದೇಶವೇನೂ ಬೇಕಿಲ್ಲ. ಸಂಜೆಯ ಎರಡು ತಾಸು ಸಾಕು.

ತಂದೆತಾಯಿಯ ಮೇಲೆ ಮಗುವಿಗಿರುವ ಗೌರವವನ್ನು ಅಗ್ಗದ ಬೆಲೆಗೆ ಮಾರುವ ಈ ವ್ಯವಸ್ಥೆ ನನಗೆ ಅನ್ಯಾಯವಾಗಿ ಕಾಣುತ್ತದೆ. ಶಾಲೆಗೆ ಮನೆಯ ಮೇಲೆ ಹಕ್ಕಿದೆ, ಒಪ್ಪೋಣ. ಮಗುವನ್ನು ಹೊತ್ತಿಗೆ ಸರಿಯಾಗಿ ಕಳುಹಿಸಬೇಕು, ಉಣಿಸಿ ಮಲಗಿಸಬೇಕು, ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳಬೇಕು, ಮಗ್ಗಿಯನ್ನು ಬಾಯಿಪಾಠ ಮಾಡಿಸಬೇಕು. ಅಭ್ಯಾಸವಿಲ್ಲದೆ ಯಾವ ವಿದ್ಯೆಯೂ ಕೈಗೂಡದು. ಮನೆಪಾಠವೇ ಬೇಡವೆನ್ನುವವರ ಪಕ್ಷದವನು ನಾನಲ್ಲ. ಆದರೆ ಕಲಿಸುವ ಕೆಲಸ ಶಾಲೆಯದು. ಕಲಿಸದೆ ಉಳಿದದ್ದನ್ನು ಕಟ್ಟಿ ಮನೆಗೆ ಕಳುಹಿಸಿದರೆ, ಓದಿದ ತಾಯಿಯಿರುವ ಮಗುವೂ ಟ್ಯೂಶನ್ನಿಗೆ ಹಣವಿರುವ ಮಗುವೂ ದಡ ಸೇರುತ್ತವೆ, ಉಳಿದವು ಮುಳುಗುತ್ತವೆ. ಒಂದೇ ಬೆಂಚಿನ ಮೇಲೆ ಕುಳಿತವರ ನಡುವೆ ಹಗಲಿನಲ್ಲಿ ಶಾಲೆ ಅಳಿಸಿದ ಅಂತರವನ್ನು ರಾತ್ರಿ ಮನೆಪಾಠ ಮತ್ತೆ ಬರೆಯುತ್ತದೆ.

ಹಾಗಾದರೆ ಹತ್ತು ಗಂಟೆಯ ರಾತ್ರಿ ಆ ತಾಯಿ ಏನು ಮಾಡಬೇಕು? ನನ್ನ ಪರಿಚಯದ ಒಂದು ಮನೆಯಲ್ಲಿ ನಡೆದುಬಂದ ಪದ್ಧತಿ ನನಗೆ ಹಿಡಿಸಿದೆ. ಗಡಿಯಾರ ನೋಡಿ ಅರ್ಧ ತಾಸು ಮಗು ತಾನೇ ಬರೆಯುತ್ತದೆ. ಮುಗಿಯದಿದ್ದರೆ ತಾಯಿ ಪಟ್ಟಿಯ ಅಂಚಿನಲ್ಲಿ ತನಗೆ ಬರುವ ಕನ್ನಡದಲ್ಲಿಯೇ ಎರಡು ಸಾಲು ಬರೆಯುತ್ತಾಳೆ: “ಇಷ್ಟನ್ನು ಮಗು ತಾನೇ ಮಾಡಿದೆ. ಮುಂದಿನ ಲೆಕ್ಕ ಅದಕ್ಕೆ ತಿಳಿದಿಲ್ಲ, ನನಗೂ ತಿಳಿದಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿಕೊಡಿರಿ.” ಕೆಳಗೆ ಸಹಿ. ಮೊದಮೊದಲು ಒಬ್ಬ ಮಾಸ್ತರರಿಗೆ ಇದು ಉದ್ಧಟತನವೆನಿಸಿತು. ಆಮೇಲೆ ಅವರೇ ಆ ಪಟ್ಟಿಯನ್ನು ಮೊದಲು ತೆರೆಯತೊಡಗಿದರು. ಉಳಿದ ಪಟ್ಟಿಗಳು ತುಂಬಿದ್ದವು, ಇದೊಂದರಲ್ಲಿ ಮಾತ್ರ ಯಾರಿಗೆ ಏನು ಬಂದಿಲ್ಲವೆಂಬುದು ಕಾಣುತ್ತಿತ್ತು. ಎಲ್ಲ ಶಾಲೆಗಳಲ್ಲೂ ಹೀಗೆಯೇ ಆಗುವುದೆಂದು ಹೇಳಲಾರೆ. ಮಗುವನ್ನು ಮಾನಸಿಕವಾಗಿ ಪೀಡಿಸಕೂಡದೆಂದು ಕಾಯ್ದೆಯ 17ನೆಯ ಕಲಮು ಹೇಳುತ್ತದೆಯಾದರೂ, ಕಲಮಿನ ಆಸರೆಯಲ್ಲಿ ಒಬ್ಬಂಟಿ ತಾಯಿಯೊಬ್ಬಳು ಮುಖ್ಯಾಧ್ಯಾಪಕರ ಎದುರು ನಿಲ್ಲುವುದು ಕಷ್ಟ. ಹತ್ತು ಜನ ತಾಯಂದಿರು ಒಂದೇ ವಾರದಲ್ಲಿ ಅದೇ ಎರಡು ಸಾಲು ಬರೆದರೆ ಮಾತು ಬೇರೆ. ಸಂಘಗಳಿರುವುದು ನಾಡಹಬ್ಬಕ್ಕೂ ಸಮ್ಮೇಳನಕ್ಕೂ ಮಾತ್ರವಲ್ಲ. ನಮ್ಮ ಸದಸ್ಯರಲ್ಲಿ ನಿವೃತ್ತ ಗುರುಗಳಿದ್ದಾರೆ, ವಕೀಲರಿದ್ದಾರೆ, ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕುಳಿತವರಿದ್ದಾರೆ.

“ನೆರೆಮನೆಯ ಮಗು ಒಂಬತ್ತರವರೆಗೆ ಬರೆಯುವಾಗ ನನ್ನದು ಅಜ್ಜಿಯ ಪಕ್ಕದಲ್ಲಿ ಕಥೆ ಕೇಳುತ್ತ ಕುಳಿತರೆ ಹಿಂದೆ ಬೀಳುವುದಿಲ್ಲವೇ?” ಎಂದು ಆ ತಾಯಿಯನ್ನು ನೆರೆಯವಳು ಕೇಳಿದಳಂತೆ. ಬಿದ್ದರೂ ಬೀಳಬಹುದು ಎಂದಳು ಈಕೆ. ಒಂದೆರಡು ಗುಣ ಕಡಿಮೆ ಬಂದಿವೆ ಕೂಡ. ಈಚೆಗೆ ಆ ನೆರೆಮನೆಯ ಹುಡುಗನೂ ಎಂಟಕ್ಕೇ ಪಟ್ಟಿ ಮುಚ್ಚಿ, ಒಡಪು ಕೇಳಲು ಗೋಡೆ ದಾಟಿ ಬರುತ್ತಿದ್ದಾನೆ.