ಇರುವುದು, ಇಲ್ಲದಿರುವುದು, ಭಾಗವಾಗಿರುವುದು

ಒಂದು ವಸ್ತು ಇನ್ನೊಂದರ ಭಾಗವಾಗುವುದು ಯಾವಾಗ? ಗುಣಿಯನ್ನು ಬಿಟ್ಟು ಗುಣ ಇರಬಲ್ಲದೇ? ಭಾಗಗಳು ಬದಲಾದ ಮೇಲೂ ವಸ್ತು ಅದೇ ಆಗಿ ಉಳಿಯುತ್ತದೆಯೇ? ಇವು ಫಾರ್ಮಲ್ ಆಂಟಾಲಜಿಯ, ಅಂದರೆ ರೂಪನಿಷ್ಠ ಸತ್ತಾಶಾಸ್ತ್ರದ, ಮೂಲ ಪ್ರಶ್ನೆಗಳು. ಕಲ್ಲು, ಮರ, ಮನುಷ್ಯ ಎಂದು ಇರುವುದನ್ನೆಲ್ಲ ಎಣಿಸುತ್ತ ಹೋಗುವುದು ಈ ಶಾಸ್ತ್ರದ ಕೆಲಸವಲ್ಲ. ಯಾವ ವಿಷಯಕ್ಕಾದರೂ ಹೊಂದುವ ಸಂಬಂಧಗಳನ್ನು ಆರಿಸಿ, ಅವುಗಳ ನಿಯಮವನ್ನು ಸಂದಿಗ್ಧವಿಲ್ಲದೆ ಹೇಳುವುದು ಅದರ ಕೆಲಸ. ತತ್ತ್ವಜ್ಞ ಎಡ್ಮಂಡ್ ಹುಸರ್ಲ್ 1900–01ರಲ್ಲಿ ಪ್ರಕಟಿಸಿದ ‘ತಾರ್ಕಿಕ ಅನ್ವೇಷಣೆಗಳು’ ಗ್ರಂಥದಲ್ಲಿ ಈ ಅಧ್ಯಯನಕ್ಕೆ ತರ್ಕಶಾಸ್ತ್ರದ ಪಕ್ಕದಲ್ಲೇ ಒಂದು ಸ್ವತಂತ್ರ ಸ್ಥಾನ ಕೊಟ್ಟನು. ಪೋಲೆಂಡಿನ ಸ್ಟಾನಿಸ್ಲಾವ್ ಲೆಸ್ನಿಯೆವ್‌ಸ್ಕಿ 1916ರಲ್ಲಿ ಭಾಗ ಮತ್ತು ಪೂರ್ಣದ ಸಂಬಂಧಕ್ಕೆ ಗಣಿತದ ಬಿಗಿ ತಂದನು. ಆ ಶಾಖೆಗೆ ಮೀರಿಯಾಲಜಿ ಎಂದು ಹೆಸರು.

ಭಾಗವೆಂಬ ಸಂಬಂಧ ಮೇಲಿನ ಹಂತಕ್ಕೂ ದಾಟುತ್ತದೆ. ಚೀಕಲಪರ್ವಿ ಮಾನ್ವಿ ತಾಲ್ಲೂಕಿನ ಭಾಗ, ಮಾನ್ವಿ ತಾಲ್ಲೂಕು ರಾಯಚೂರು ಜಿಲ್ಲೆಯ ಭಾಗ; ಆದ್ದರಿಂದ ಚೀಕಲಪರ್ವಿಯೂ ಜಿಲ್ಲೆಯ ಭಾಗ. ಸದಸ್ಯತ್ವ ಹಾಗಲ್ಲ. ಒಬ್ಬ ರೈತ ಒಂದು ಸಹಕಾರ ಸಂಘದ ಸದಸ್ಯ, ಆ ಸಂಘ ಒಂದು ಒಕ್ಕೂಟದ ಸದಸ್ಯ ಎಂದ ಮಾತ್ರಕ್ಕೆ ರೈತ ಒಕ್ಕೂಟದ ಸದಸ್ಯನಾಗುವುದಿಲ್ಲ. ಮನುಷ್ಯರಿಗೆ ಇದು ಹೇಳದೆಯೇ ತಿಳಿಯುತ್ತದೆ. ಗಣಕಯಂತ್ರಕ್ಕೆ ತಿಳಿಯುವುದಿಲ್ಲ, ಎರಡೂ ಸಂಬಂಧಗಳಿಗೆ ಒಂದೇ ಗುರುತು ಕೊಟ್ಟರೆ ಅದು ಎರಡರಿಂದಲೂ ಒಂದೇ ಬಗೆಯ ತೀರ್ಮಾನ ತೆಗೆಯುತ್ತದೆ.

ಶಾಸ್ತ್ರದ ಕಠಿಣ ಪ್ರಶ್ನೆಗಳು ರಾಯಚೂರು ಜಿಲ್ಲೆಯ ಇತಿಹಾಸದಲ್ಲೇ ಎದುರಾಗುತ್ತವೆ. 1956ರವರೆಗೆ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿತು. ಮುಂದೆ ಮಾನ್ವಿ ತಾಲ್ಲೂಕಿನಿಂದ ಸಿರವಾರ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಹಾಗಿದ್ದರೆ 1991ರ ಜನಗಣತಿಯ ರಾಯಚೂರು ಜಿಲ್ಲೆಯೂ 2001ರ ಜನಗಣತಿಯ ರಾಯಚೂರು ಜಿಲ್ಲೆಯೂ ಒಂದೇ ವಸ್ತುವೇ? ಭಾಗಗಳು ಒಂದೇ ಆದರೆ ಮಾತ್ರ ವಸ್ತು ಒಂದೇ ಎಂಬುದು ಶಾಸ್ತ್ರೀಯ ಮೀರಿಯಾಲಜಿಯ ನಿಯಮ. ಅದರಂತೆ ಇವು ಎರಡು ಬೇರೆ ವಸ್ತುಗಳು. ಆಡಳಿತದ ದೃಷ್ಟಿಯಲ್ಲಿ ಜಿಲ್ಲೆ ಅಳಿಯಲೇ ಇಲ್ಲ. ಕಚೇರಿ, ದಾಖಲೆ, ಅಧಿಕಾರ ಎಲ್ಲವೂ ಮುಂದುವರಿದವು. ಎರಡು ಉತ್ತರಗಳಲ್ಲಿ ಒಂದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಜಿಲ್ಲೆಯೆಂಬ ಸಂಸ್ಥೆ ಒಂದು, ಅದು ಆಯಾ ಕಾಲದಲ್ಲಿ ಆವರಿಸಿದ ನೆಲ ಇನ್ನೊಂದು. ಸಂಸ್ಥೆ ಕಾಲದುದ್ದಕ್ಕೂ ಉಳಿಯಿತು, ನೆಲ ಬದಲಾಯಿತು. ಇವೆರಡನ್ನು ಪ್ರತ್ಯೇಕಿಸದೆ ಎರಡೂ ಗಣತಿಗಳ ಅಂಕಿಗಳನ್ನು ನೇರವಾಗಿ ಹೋಲಿಸಿದರೆ, ಒಂದು ದಶಕದಲ್ಲಿ ಜಿಲ್ಲೆಯ ಜನ ಎಲ್ಲಿಗೋ ಗುಳೆ ಹೋದಂತೆ ಕಾಣುತ್ತದೆ. ದತ್ತಾಂಶದ ಇಂಥ ತಪ್ಪು ಯೋಜನೆಗಳಿಗೆ, ಅನುದಾನಗಳಿಗೆ ದಾಟಬಲ್ಲದು. ಅದಕ್ಕಾಗಿಯೇ ಈ ವಿವೇಚನೆಯನ್ನು ಬರಿಯ ಪಂಡಿತರ ವಾದವೆಂದು ಬಿಡಲಾಗದು.

ಗಡಿಗಳದೂ ಇದೇ ಕಥೆ. ತತ್ತ್ವಜ್ಞರಾದ ಬ್ಯಾರಿ ಸ್ಮಿತ್ ಮತ್ತು ಅಕಿಲ್ಲೆ ವಾರ್ಜಿ ಗಡಿಗಳಲ್ಲಿ ಎರಡು ಜಾತಿಗಳನ್ನು ಗುರುತಿಸಿದ್ದಾರೆ: ವಸ್ತುವಿನಲ್ಲೇ ಇರುವ ಸಹಜ ಗಡಿ, ಮನುಷ್ಯರ ನಿರ್ಣಯದಿಂದ ಮಾತ್ರ ಉಂಟಾದ ಗಡಿ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗೆ ಉತ್ತರದಲ್ಲೂ ದಕ್ಷಿಣದಲ್ಲೂ ನೀರಿನ ಸಹಜ ಅಂಚಿದೆ. ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ. ಅವೆರಡು ತಾಲ್ಲೂಕುಗಳನ್ನು ವಿಭಾಗಿಸುವ ಗೆರೆಯಾಗಲಿ, ಕೊಪ್ಪಳವನ್ನು ಬೇರ್ಪಡಿಸಿದ ಗೆರೆಯಾಗಲಿ ಸರ್ಕಾರದ ಆದೇಶದಿಂದ ಹುಟ್ಟಿದ್ದು. ಆದೇಶ ಬದಲಾದರೆ ಗೆರೆಯೂ ಬದಲಾಗುತ್ತದೆ. ನದಿಯ ನಡುನೀರಿನಲ್ಲಿ ಎಳೆದ ರಾಜ್ಯದ ಗಡಿಯೂ ನಿರ್ಣಯದ್ದೇ ಎಂಬುದನ್ನು ಮರೆಯಬಾರದು. ಹಾಗೆಂದು ನಿರ್ಣಯದ ಗಡಿ ಸುಳ್ಳಲ್ಲ. ತೆರಿಗೆ, ಮತದಾನ, ಪಡಿತರ ಎಲ್ಲವೂ ಅದರ ಮೇಲೆಯೇ ನಿಂತಿವೆ.

ಇದೇ ನೆಲದಲ್ಲಿ ಪದಾರ್ಥವಿವೇಚನೆ ಕನ್ನಡದಲ್ಲಿ ನಡೆದಿದೆ. ವಿಜಯದಾಸರು (1682–1755) ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ‘ಹರಿಕಥಾಮೃತಸಾರ’ ರಚಿಸಿದ ಜಗನ್ನಾಥದಾಸರು (1728–1809) ಮಾನ್ವಿ ಸೀಮೆಯ ಬ್ಯಾಗವಾಟದವರು. ಇವರ ಪದಗಳು ಮತ್ತು ಸುಳಾದಿಗಳ ಹಿಂದೆ ಮಧ್ವಾಚಾರ್ಯರ ‘ತತ್ತ್ವಸಂಖ್ಯಾನ’ವೆಂಬ ಪುಟ್ಟ ಗ್ರಂಥದ ಕಟ್ಟುನಿಟ್ಟಾದ ವಿಭಜನೆ ಇದೆ. ತತ್ತ್ವ ಎರಡು, ಸ್ವತಂತ್ರ ಮತ್ತು ಅಸ್ವತಂತ್ರ. ಅಸ್ವತಂತ್ರ ಭಾವವೆಂದೂ ಅಭಾವವೆಂದೂ ಒಡೆಯುತ್ತದೆ. ಭಾವ ಚೇತನ ಮತ್ತು ಅಚೇತನವಾಗಿ. ಅಚೇತನ ನಿತ್ಯ, ಅನಿತ್ಯ, ನಿತ್ಯಾನಿತ್ಯವಾಗಿ. ಮೊದಲ ವಿಭಜನೆಯೇ ಅವಲಂಬನೆಯದು ಎಂಬುದು ಗಮನಾರ್ಹ. ಯಾವುದು ಯಾವುದನ್ನು ಅವಲಂಬಿಸಿ ಇದೆ ಎಂಬ ಪ್ರಶ್ನೆ ಹುಸರ್ಲನಿಗೂ ಕೇಂದ್ರವಾಗಿತ್ತು.

ಗುಣ ಮತ್ತು ಗುಣಿಯನ್ನು ಜೋಡಿಸಲು ನ್ಯಾಯ–ವೈಶೇಷಿಕರು ಸಮವಾಯವೆಂಬ ಮೂರನೆಯ ಪದಾರ್ಥವನ್ನು ಒಪ್ಪಿದರು. ಆ ಸಮವಾಯವನ್ನು ಗುಣಿಗೆ ಜೋಡಿಸಲು ಇನ್ನೊಂದು ಸಮವಾಯ ಬೇಕು, ಅದಕ್ಕೆ ಮತ್ತೊಂದು. ಇದು ಮುಗಿಯದ ಅನವಸ್ಥೆ. 1893ರಲ್ಲಿ ಇಂಗ್ಲೆಂಡಿನ ಎಫ್. ಎಚ್. ಬ್ರಾಡ್ಲಿ ಸಂಬಂಧಗಳ ಬಗ್ಗೆ ಎತ್ತಿದ ಆಕ್ಷೇಪವೂ ಇದೇ ಜಾಡಿನದು. ಮಧ್ವರ ಅನುಯಾಯಿಗಳಾದ ದ್ವೈತಿಗಳು ಮೂರನೆಯ ವಸ್ತುವನ್ನೇ ಬಿಟ್ಟರು. ವಸ್ತು ಇರುವಷ್ಟು ಕಾಲವೂ ಇರುವ ಧರ್ಮ ವಸ್ತುವಿನಿಂದ ಬೇರೆಯಲ್ಲ. ಆದರೂ ಎರಡು ಮಾತುಗಳಿಗೆ ಆಸ್ಪದ ಕೊಡುವ ‘ವಿಶೇಷ’ವೆಂಬ ಶಕ್ತಿ ವಸ್ತುವಿನಲ್ಲೇ ಇದೆ, ಅದು ತನ್ನನ್ನು ತಾನೇ ನಿರ್ವಹಿಸಿಕೊಳ್ಳುತ್ತದೆ. ವಸ್ತು ಉಳಿದಿರುವಾಗಲೇ ಹೋಗಬಲ್ಲ ಧರ್ಮ ಅಥವಾ ಅಂಶಕ್ಕೆ ಭೇದಾಭೇದವನ್ನು ಹೇಳಿದರು. ತಾಲ್ಲೂಕಿಗೆ ಅನ್ವಯಿಸಿ ನೋಡಿದರೆ, ಸಿರವಾರ ಹೋದರೂ ಮಾನ್ವಿ ಉಳಿಯಿತು. ಆದ್ದರಿಂದ ಸಿರವಾರ ಮಾನ್ವಿಯ ಹೋಗಬಲ್ಲ ಅಂಶವೇ ಆಗಿತ್ತು. ಪೂರ್ಣವನ್ನು ಭಾಗಗಳ ಮೊತ್ತಕ್ಕೆ ಇಳಿಸದೆ, ಭಾಗಗಳಿಂದ ಪೂರ್ತಿ ಬೇರೆಯೆಂದೂ ಹೇಳದೆ ನಿಂತ ಈ ಪರಿಹಾರ ಇಂದಿನ ಚರ್ಚೆಯಲ್ಲೂ ಗಂಭೀರ ಸ್ಥಾನಕ್ಕೆ ಅರ್ಹ.

ಅಭಾವದ ಪ್ರಶ್ನೆ ಇನ್ನೂ ಹತ್ತಿರದ್ದು. ‘ತತ್ತ್ವಸಂಖ್ಯಾನ’ ಅಭಾವದಲ್ಲಿ ಮೂರು ಬಗೆ ಹೇಳುತ್ತದೆ: ಹುಟ್ಟುವ ಮುಂಚಿನದು, ನಾಶವಾದ ನಂತರದ್ದು, ಎಂದೆಂದಿನದು. ರೋಗಿಯ ದಾಖಲೆಯಲ್ಲಿ ‘ಹಲ್ಲಿಲ್ಲ’ ಎಂದು ಬರೆದರೆ, ಕೂಸಿಗೆ ಹಲ್ಲು ಇನ್ನೂ ಮೂಡಿಲ್ಲವೋ ಮುದುಕರ ಹಲ್ಲು ಕಿತ್ತದ್ದೋ? ಚಿಕಿತ್ಸೆಯ ದೃಷ್ಟಿಯಲ್ಲಿ ಎರಡೂ ಬೇರೆ. ದೇವದುರ್ಗದ ಆರೋಗ್ಯ ಕೇಂದ್ರದಿಂದ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ರೋಗಿಯೊಬ್ಬರು ಹೋದಾಗ ಎರಡೂ ಕಡೆಯ ದಾಖಲೆಗಳು ಒಂದೇ ಅರ್ಥ ಕೊಡಬೇಕಾದರೆ ಪದಕೋಶ ಸಾಲದು, ಪದಾರ್ಥಗಳ ನಿಯಮ ಬೇಕು. ಭಾರತ 2014ರಲ್ಲಿ ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪರಿಭಾಷೆಯನ್ನು ನಡೆಸುವ ಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಇಂಥ ವ್ಯವಸ್ಥೆಗಳನ್ನು ಪರಿಶೀಲಿಸಿದ ತತ್ತ್ವಜ್ಞರು ಒಂದು ಮುಖ್ಯ ಎಚ್ಚರಿಕೆ ಕೊಟ್ಟಿದ್ದಾರೆ: ‘ಶಂಕಿತ ಮಲೇರಿಯಾ’ ಮಲೇರಿಯಾದ ಒಂದು ಬಗೆಯಲ್ಲ, ವೈದ್ಯರ ಜ್ಞಾನದ ಸ್ಥಿತಿ. ‘ಮಲೇರಿಯಾ ಇಲ್ಲ’ ಎಂಬುದನ್ನೂ ರೋಗಗಳ ಸಾಲಿಗೆ ಸೇರಿಸಲಾಗದು. ಅಭಾವವನ್ನು ಸ್ವತಂತ್ರ ವಸ್ತುವೆಂದು ಒಪ್ಪದವರು, ಈ ರೋಗಿಗೂ ಆ ರೋಗಜಾತಿಗೂ ನಡುವಿನ ಒಂದು ಸಂಬಂಧವಾಗಿ ಅದನ್ನು ಬರೆಯುತ್ತಾರೆ. ಇಲ್ಲಿ ಮಧ್ವರ ದಾರಿ ಬೇರೆ: ಅಭಾವವೂ ತಿಳಿಯಬೇಕಾದ ತತ್ತ್ವವೇ.

ಇಂದು ಹೆಚ್ಚು ಬಳಕೆಯಲ್ಲಿರುವ ಮೇಲ್ಮಟ್ಟದ ಚೌಕಟ್ಟುಗಳಲ್ಲಿ ಒಂದು ಬೇಸಿಕ್ ಫಾರ್ಮಲ್ ಆಂಟಾಲಜಿ. 2021ರಲ್ಲಿ ಅದು ಐಎಸ್ಒ/ಐಇಸಿ 21838-2 ಎಂಬ ಮಾನಕವಾಯಿತು. ಅದರಲ್ಲಿ ಕಾಲದುದ್ದಕ್ಕೂ ತಾವಾಗಿಯೇ ಉಳಿಯುವವು ಒಂದು ಕಡೆ, ಕಾಲದಲ್ಲಿ ಹರಡಿಕೊಂಡು ನಡೆಯುವವು ಇನ್ನೊಂದು ಕಡೆ. ಭತ್ತದ ಪೈರು ಮೊದಲನೆಯದು, ಅದರ ಬೆಳವಣಿಗೆ ಎರಡನೆಯದು.

ಇಂಥ ಚೌಕಟ್ಟಿನ ಪ್ರಯೋಜನ ದತ್ತಾಂಶಕ್ಕಾದರೆ, ದಾಸರಿಗೆ ವಿಂಗಡಣೆಯ ಪ್ರಯೋಜನ ಆಧ್ಯಾತ್ಮಿಕ ಸಾಧನೆ. ‘ಹರಿಕಥಾಮೃತಸಾರ’ದ ತಾರತಮ್ಯ ಸಂಧಿಗಳು ದೇವತೆಗಳ ಕ್ರಮವನ್ನು ಆರೋಹಣದಲ್ಲೂ ಅವರೋಹಣದಲ್ಲೂ ಹೇಳುತ್ತವೆ. ಗರುಡ, ಶೇಷ, ರುದ್ರ ಒಂದೇ ಕಕ್ಷೆ. ಇಂದ್ರ, ಕಾಮ ಇನ್ನೊಂದೇ ಕಕ್ಷೆ. ಗಣಿತದ ಮಾತಿನಲ್ಲಿ ಇದು ಸಮಾನರನ್ನು ಒಟ್ಟುಗೂಡಿಸಿ ಸಾಲಾಗಿಸಿದ ಕ್ರಮ. ಯಾವ ಎರಡು ಕಕ್ಷೆ ತೆಗೆದುಕೊಂಡರೂ ಮೇಲುಕೆಳಗು ತಿಳಿಯುತ್ತದೆ. ಭೋಜನದ ಸಂಧಿಯಲ್ಲಿ ಅನ್ನ, ತುಪ್ಪ, ಹಾಲು, ಮೊಸರಿನಂಥ ಪದಾರ್ಥಗಳಿಗೆ ಅಭಿಮಾನಿ ದೇವತೆಗಳನ್ನೂ ಭಗವಂತನ ರೂಪಗಳನ್ನೂ ಹೇಳಿದೆ. ಉಣ್ಣುವವನು ತಟ್ಟೆಯ ಮುಂದೆಯೇ ತತ್ತ್ವವನ್ನು ನೆನೆಯಬೇಕು. ಸಂಸ್ಕೃತದ ಕಠಿಣ ವಿಭಾಗವನ್ನು ಭಾಮಿನಿ ಷಟ್ಪದಿಗೆ ತಂದು ಮನೆಮನೆಯ ಪಾರಾಯಣವಾಗಿಸಿದ ಈ ಸಾಧನೆಗೆ ಸಾಟಿಯಾದುದು ವಿರಳ.

ಎರಡು ಪರಂಪರೆಗಳನ್ನು ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ. ಆಧುನಿಕ ಶಾಸ್ತ್ರ ವಿಷಯನಿರಪೇಕ್ಷ; ಅದರ ವರ್ಗಗಳನ್ನು ವಿಜ್ಞಾನದ ಹೊಸ ಅರಿವು ತಿದ್ದಬಹುದು. ದ್ವೈತದ ವಿಭಾಗಕ್ಕೆ ಪ್ರತ್ಯಕ್ಷ, ಅನುಮಾನಗಳ ಜೊತೆ ಆಗಮ ಪ್ರಮಾಣವಿದೆ. ಅತೀಂದ್ರಿಯ ವಿಷಯದಲ್ಲಿ ಕೊನೆಯ ಮಾತು ಆಗಮದ್ದೇ. ಕಲಿಯುವವರಿಗೆ ಎರಡರ ಪ್ರವೇಶದ್ವಾರಗಳೂ ಬೇರೆ. ಒಂದಕ್ಕೆ ವಿಧೇಯ ತರ್ಕ, ಸೆಟ್ ಸಿದ್ಧಾಂತ, ನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಪ್ರೊಟೆಜೆಯಂಥ ಉಚಿತ ತಂತ್ರಾಂಶ. ಇನ್ನೊಂದಕ್ಕೆ ‘ತತ್ತ್ವಸಂಖ್ಯಾನ’, ಅದರ ಮೇಲೆ ಜಯತೀರ್ಥರ ಟೀಕೆ. 2019ರಲ್ಲಿ ಆರಂಭವಾದ, ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗೆ ಮೊದಲನೆಯದು ಪಠ್ಯದ ನೆರೆಯಲ್ಲೇ ಸಿಗುತ್ತದೆ. ಎರಡನೆಯದು ಮಾನ್ವಿಯ ಪಾರಾಯಣದಲ್ಲಿ ಇಂದಿಗೂ ಕೇಳಿಬರುತ್ತದೆ.