ಹರಕೆ ಫಲಿಸದ ಮೇಲೆ

ಬೆಲ್ಜಿಯಂನ ಗೀಲ್ ಪಟ್ಟಣದ ಆರಾಧ್ಯ ಸಂತಳು ಡಿಂಫ್ನಾ. ಮತಿಗೆಟ್ಟ ತಂದೆಯ ಕತ್ತಿಗೆ ಬಲಿಯಾದ ಐರಿಷ್ ರಾಜಕುಮಾರಿ ಅವಳು ಎಂಬುದು ಐತಿಹ್ಯ. ಮಧ್ಯಯುಗದಿಂದಲೇ ದೂರದೂರದ ಜನ ಮನೆಯ ಮನೋರೋಗಿಗಳನ್ನೂ ಬೌದ್ಧಿಕ ವೈಕಲ್ಯವಿದ್ದವರನ್ನೂ ಅವಳ ಚರ್ಚಿಗೆ ಕರೆತರುತ್ತಿದ್ದರು. ಚರ್ಚಿಗೆ ಅಂಟಿದ ಕೋಣೆಯಲ್ಲಿ ಒಂಬತ್ತು ದಿನ ವಾಸ. ಸಂತಳ ಅಸ್ಥಿ ಇರಿಸಿದ ಪೆಟ್ಟಿಗೆಯಡಿ ಮಂಡಿಯೂರಿ ನುಸುಳುವ ವ್ರತ.

ಗುಣವಾಗದೆ ಉಳಿದವರಿಂದ ಆ ಕೋಣೆ ತುಂಬಿಹೋಯಿತು. ಆಗ ಊರಿನ ರೈತರು ಅವರನ್ನು ತಮ್ಮ ಮನೆಗೇ ಕರೆದೊಯ್ದರು. 1930ರ ದಶಕದ ಕೊನೆಗೆ 3,700ಕ್ಕೂ ಹೆಚ್ಚು ಜನ ಅಲ್ಲಿ ಹೀಗೆ ಬದುಕುತ್ತಿದ್ದರು.

ದೇವರು ವಾಸಿಮಾಡದಿದ್ದರೆ ಭಕ್ತರಿಗೆ ಉಳಿಯುವ ಕೆಲಸವೇನು? ನಮ್ಮಲ್ಲಿ ಹರಕೆ ಫಲಿಸದ ಮನೆಗೆ ಸಿಗುವ ಉತ್ತರ, ‘ಪಡೆದುಕೊಂಡು ಬಂದದ್ದು, ಅನುಭವಿಸಬೇಕು.’ ನೊಂದ ತಾಯಿ ತನಗೆ ತಾನೇ ಹೇಳಿಕೊಂಡರೆ ಅದು ಸಮಾಧಾನ. ನೆರೆಯವರು ಹೇಳಿದರೆ ಕೈತೊಳೆದುಕೊಂಡಂತೆ. ಮಗುವಿನ ಹಿಂದಿನ ಜನ್ಮದ ಲೆಕ್ಕ ತೆಗೆಯುವ ಕರ್ಮಸಿದ್ಧಾಂತ, ಅದನ್ನು ಕಂಡೂ ಕಾಣದಂತೆ ಹೋದವರ ಈ ಜನ್ಮದ ಲೆಕ್ಕವನ್ನೂ ಇಡಬೇಕಲ್ಲವೆ?

ಗೀಲ್‌ನ ಒಂದು ಮನೆಯಲ್ಲಿದ್ದವನಿಗೆ ಅಂಗಿಯ ಗುಂಡಿ ತಿರುಚಿ ಕೀಳುವ ಚಾಳಿ. ಮನೆಯೊಡತಿ ದಿನಾ ರಾತ್ರಿ ಕೂತು ಎಲ್ಲ ಗುಂಡಿಗಳನ್ನೂ ಮತ್ತೆ ಹೊಲಿಯುತ್ತಿದ್ದಳು. ಕೀಳಲಾಗದಂಥ ಗಟ್ಟಿ ದಾರ ಹಾಕಬಾರದೇ ಎಂದು ಈ ಪದ್ಧತಿಯನ್ನು ನೋಡಲು ಬಂದಿದ್ದ ಅಮೆರಿಕದ ಎಲೆನ್ ಬ್ಯಾಕ್ಸ್‌ಟರ್ ಕೇಳಿದರು. ಖಂಡಿತ ಕೂಡದು, ಅವನಿಗೆ ಕೀಳಲೇಬೇಕು ಎಂದಳು ಆಕೆ. ಬದಲಾಗಲೇಬೇಕೆಂಬ ಷರತ್ತಿಲ್ಲದ ಈ ಒಪ್ಪಿಗೆಯನ್ನು ಭಕ್ತಿಯೆಂದು ಕರೆಯಲು ಅಳುಕಬೇಕಿಲ್ಲ.

ಹಾಗೆಂದು ಗೀಲ್ ಬರೀ ಕರುಣೆಯಿಂದ ನಡೆದ ಊರಲ್ಲ. ಬಂದವರು ಹೊಲದಲ್ಲಿ ದುಡಿಯುತ್ತಿದ್ದರು, ಮನೆಯವರಿಗೆ ಹಣ ಸಿಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಸರ್ಕಾರ ಹೊಣೆ ಹೊತ್ತಿತು. ಇಂದಿಗೂ ನರ್ಸ್ ಮನೆಗೆ ಬರುತ್ತಾರೆ, ಕಷ್ಟ ಬಂದರೆ ಬೆನ್ನಿಗೆ ಆಸ್ಪತ್ರೆಯಿದೆ. ಆರೈಕೆ ಮಾಡುವವರನ್ನು ಒಂಟಿಯಾಗಿ ಬಿಡದ ಈ ಏರ್ಪಾಡಿಲ್ಲದೆ ಸಂತಳ ಹೆಸರೊಂದರಿಂದಲೇ ಈ ಪದ್ಧತಿ ಇಷ್ಟು ಕಾಲ ಬಾಳುತ್ತಿರಲಿಲ್ಲ. 2023ರಲ್ಲಿ ಯುನೆಸ್ಕೊ ಇದನ್ನು ಮಾದರಿ ಪದ್ಧತಿಯೆಂದು ಗುರುತಿಸಿತು.

ಅಂಥ ಏರ್ಪಾಡಿನ ಕುರುಹು ನಮ್ಮಲ್ಲೂ ಇದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆದರೆ ಇಪ್ಪತ್ತು ವರ್ಷದ ಮಗನನ್ನು ಎತ್ತಿ ಮೀಯಿಸುವ ತಾಯಿಗೆ ಭತ್ಯೆಯ ಜೊತೆಗೆ ಬಿಡುವೂ ಬೇಕು. ದಾಸೋಹದ ಮಠಗಳಲ್ಲಿ, ಯಾತ್ರಿಕರಿಗಾಗಿ ಛತ್ರ ಕಟ್ಟಿಸಿದ ದೇವಸ್ಥಾನಗಳಲ್ಲಿ ಕೋಣೆ, ಅಡುಗೆಮನೆ ಇವೆ, ಸೇವೆಗೆ ಕಾದ ಭಕ್ತರೂ ಇದ್ದಾರೆ. ಒಂದೆರಡು ಕೋಣೆಗಳನ್ನು ಇಂಥ ಬಿಡುವಿಗೆಂದೇ ಬಿಟ್ಟು, ಆರೈಕೆ ಕಲಿತ ನಾಲ್ವರನ್ನು ಇಟ್ಟರೆ, ಆ ತಾಯಿ ತಿಂಗಳಿಗೆ ಎರಡು ದಿನವಾದರೂ ಮಗನನ್ನು ಅಲ್ಲಿ ಬಿಟ್ಟು ಬರಬಹುದು.