ಅಂಕಿ-ಅಂಶ ಮತ್ತು ಸತ್ಯಾಣುವ್ರತ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ‘ಕೂಟಲೇಖಕ್ರಿಯೆ’ಯನ್ನೂ ಎಣಿಸಿದ್ದಾರೆ. ವ್ಯಾಪಾರಿಗಳಾದ ನಾವು ಅದನ್ನು ಸುಳ್ಳು ಪತ್ರ, ಕಳ್ಳ ಲೆಕ್ಕ ಎಂದಷ್ಟೇ ತಿಳಿದುಕೊಂಡಿದ್ದೇವೆ. ವಿದ್ಯಾಸಂಸ್ಥೆಯೊಂದರ ಹಿರಿಯರು ಒಮ್ಮೆ ನನ್ನನ್ನು ಕೇಳಿದರು: “ಕಾಲೇಜಿನ ಅಂಕಿ-ಅಂಶ ಸ್ವಲ್ಪ ಚೆಂದ ಮಾಡಿ ತೋರಿಸಿದರ ಯಾರ ಗಂಟು ಹೋಗತದರಿ, ಸಾವಕಾರ್ರ?” ಪ್ರಶ್ನೆ ಸರಳ, ಉತ್ತರ ನನಗೆ ಕೂಡಲೇ ಹೊಳೆಯಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಾಲೇಜುಗಳನ್ನು ವಿಶ್ವವಿದ್ಯಾಲಯವು ನಿತ್ಯವೂ ಕಣ್ಣಾರೆ ಕಾಣಲಾರದು. 2003ರಲ್ಲಿ ವಿಜಯಪುರದಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯವಾಗಲಿ, 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಾಗಲಿ ಬಹುಮಟ್ಟಿಗೆ ಕಾಣುವುದು ಕಾಲೇಜು ತುಂಬಿ ಕಳಿಸಿದ ಅಂಕಣಗಳನ್ನೇ. ನ್ಯಾಕ್ ಮೌಲ್ಯಮಾಪನ, 2010-11ರಿಂದ ನಡೆದಿರುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ, 2021ರಲ್ಲಿ ರಾಜ್ಯವು ತಂದ ಏಕೀಕೃತ ಗಣಕ ವ್ಯವಸ್ಥೆ, ಎಲ್ಲಕ್ಕೂ ಮೂಲ ಕಾಲೇಜಿನ ಕಚೇರಿಯ ಮೇಜೇ.

ಇನ್ನು ಲೆಕ್ಕ ನೋಡೋಣ. ನೂರು ಮಕ್ಕಳು ಪ್ರವೇಶ ಪಡೆದರೆಂದು ಇಟ್ಟುಕೊಳ್ಳಿ. ಅರವತ್ತು ಮಂದಿ ಪರೀಕ್ಷೆಗೆ ಕುಳಿತು ಐವತ್ನಾಲ್ವರು ತೇರ್ಗಡೆಯಾದರು. ಫಲಿತಾಂಶ ಶೇಕಡಾ 90 ಎಂದು ಬರೆಯಬಹುದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಪ್ರವೇಶದ ಸಂಖ್ಯೆಯಿಂದ ಎಣಿಸಿದರೆ 54. ಎರಡೂ ನಯಗಳೇ. ಒಂದು ನಯವು ಮತ್ತೊಂದನ್ನು ಅಲ್ಲಗಳೆದು ತಾನೇ ಪೂರ್ಣಸತ್ಯವೆಂದು ನಿಂತರೆ ಅದು ದುರ್ನಯ. ಮರೆಯಾದ ಆ ನಲವತ್ತು ಮಂದಿ ಯಾರು? ತಂದೆತಾಯಿಯೊಡನೆ ಮಹಾರಾಷ್ಟ್ರಕ್ಕೋ ಗೋವೆಗೋ ಗುಳೆ ಹೋದವರಿರಬಹುದು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳಿರಬಹುದು. ಶೇಕಡಾ 90 ಕಂಡ ಅಧಿಕಾರಿಗೆ ಅಲ್ಲಿ ವಸತಿನಿಲಯವಾಗಲಿ ಬಸ್ಸಾಗಲಿ ಬೇಕೆಂದು ತೋರುವುದೇ ಇಲ್ಲ. ಗಂಟು ಹೋದದ್ದು ಅವರದು. ಆ ಹಿರಿಯರಿಗೆ ಈ ಮಾತನ್ನು ತಡವಾಗಿ ಹೇಳಿದೆ; ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಅದೇ ವ್ರತದ ಇನ್ನೊಂದು ಅತಿಚಾರ ನ್ಯಾಸಾಪಹಾರ. ಇಟ್ಟವನು ಮರೆತು ಕಡಿಮೆ ಕೇಳಿದಾಗ ‘ಹೌದು, ಇಷ್ಟೇ’ ಎಂದು ಉಳಿದುದನ್ನು ಇಟ್ಟುಕೊಳ್ಳುವುದು. ಪ್ರವೇಶದ ದಿನ ಹುಡುಗಿಯೊಬ್ಬಳು ಜಾತಿ, ಆದಾಯ, ಆಧಾರ್, ದೂರವಾಣಿ ಸಂಖ್ಯೆಗಳನ್ನು ಕಚೇರಿಗೆ ಒಪ್ಪಿಸುತ್ತಾಳೆ. ಏನೇನು ಕೊಟ್ಟೆನೆಂಬುದು ಆಕೆಗೆ ನೆನಪಿರದು. ಅದನ್ನು ಪರರಿಗೆ ಹಂಚಿದರೆ, 2023ರ ವೈಯಕ್ತಿಕ ದತ್ತಾಂಶ ಕಾಯಿದೆಯ ಮಾತು ಹಾಗಿರಲಿ, ಇಟ್ಟ ನ್ಯಾಸಕ್ಕೇ ಕೈಹಾಕಿದಂತೆ.

ನಮ್ಮ ಟ್ರಸ್ಟುಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಕೊಡುತ್ತವೆ. ತೇರ್ಗಡೆಯಾದವರ ಯಾದಿಯನ್ನು ಕೇಳಿ ಸನ್ಮಾನಿಸುತ್ತೇವೆ. ಬರುವ ಜೂನ್‌ನಲ್ಲಿ ನಡುವೆ ಬಿಟ್ಟವರ ಯಾದಿಯನ್ನೂ, ಬಿಟ್ಟ ಕಾರಣವನ್ನೂ ಕೇಳಿ ತರಿಸಿ, ಆಮೇಲೆ ಹಣ ಯಾರಿಗೆಂದು ಗೊತ್ತುಮಾಡೋಣವೆಂದು ನಾನು ನಮ್ಮ ಸಭೆಯಲ್ಲಿ ಸೂಚಿಸಲಿದ್ದೇನೆ.